ತೊಳೆಯದ ಟವೆಲ್ ಕೇಳುವ ಟೊಕಿಕೊ

ಬೆಳಕು ಹರಿಯುವ ಮೊದಲೇ ಹಿಬಿನೊ ಟೊಕಿಕೊ ಅಡುಗೆಮನೆಯ ನೆಲದ ಮೇಲೆ ಕೂತಿದ್ದಾರೆ. ಮಡಿಲಲ್ಲಿ ಅತಿಥಿಯಾಗಿ ಬಂದಿರುವ ಮಾಮೆ ಎಂಬ ಪುಟ್ಟ ಚಿನ್ ನಾಯಿ. ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಅದರ ಉಬ್ಬುಗಣ್ಣುಗಳ ಕೆಳಗಿನ ಮಡಿಕೆಗಳನ್ನು ಒರೆಸುತ್ತಿದ್ದಾರೆ. ಮಾಮೆ ಎಚ್ಚರವಿದ್ದೇ ಗೊರಕೆ ಹೊಡೆಯುತ್ತಿದೆ. ಚಪ್ಪಟೆ ಮೂಗಿನ ಈ ಜಾತಿಯ ಉಸಿರಾಟವೇ ಹಾಗೆ.

"ಗೊರಕೆ ಇದ್ರೆ ಆರಾಮಾಗಿದೆ ಅಂತ ಲೆಕ್ಕ. ನಿಂತ್ರೆ ನಾನು ಕೆಲಸ ಬಿಟ್ಟು ಓಡಿ ಬರ್ತೀನಿ," ಎನ್ನುತ್ತಾರೆ ಟೊಕಿಕೊ.

ನಮ್ಮ ಸೆತೊ ಊರಿನಲ್ಲಿ ಪಿಂಗಾಣಿ ಮಾಡುವವರ ಹೆಸರು ಬೀದಿಬೀದಿಯ ಫಲಕಗಳ ಮೇಲಿದೆ. ಟೊಕಿಕೊ ಹೆಸರು ಅವರ ಅಂಚೆಪೆಟ್ಟಿಗೆಯ ಮೇಲೂ ಅಳಿಸಿಹೋಗಿದೆ. ಆದರೆ ಚಿನ್ ಸಾಕಿದವರು ಬಿಸಿನೀರಿನ ಬುಗ್ಗೆಗೆ ಪ್ರವಾಸ ಹೋಗಬೇಕಾದರೂ ಮೊದಲು ಇವರಿಗೇ ಫೋನ್ ಮಾಡುತ್ತಾರೆ. ಮೊದಲು ಇವರು ಸಾರ್ವಜನಿಕ ಸ್ನಾನಗೃಹದಲ್ಲಿ ನೆಲ ಉಜ್ಜುತ್ತಿದ್ದರು. ಅಲ್ಲಿನ ಒಡತಿಯ ಚಿನ್ ಗಲ್ಲಾಪೆಟ್ಟಿಗೆಯ ಪಕ್ಕ ಮಹಾರಾಣಿಯ ಹಾಗೆ ಕೂರುತ್ತಿತ್ತು. ಸ್ನಾನಗೃಹ ಮುಚ್ಚಿದಾಗ ನಾಯಿ ಇವರ ಪಾಲಿಗೆ ಬಂತು, ನಾಯಿಯ ಹಿಂದೆಯೇ ಊರವರ ಚಿನ್‌ಗಳನ್ನು ಕೆಲವು ದಿನ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಈ ಕಸುಬೂ ಬಂತು. ಶುರುವಿನಲ್ಲಿ ಒಂದು ಅತಿಥಿ ನಾಯಿ ಕುರ್ಚಿಯಿಂದ ಜಿಗಿದು ಕಾಲು ಮುರಿದುಕೊಂಡಿತು. ಅಂದೇ ಮನೆಯ ಕುರ್ಚಿಗಳೆಲ್ಲ ಹೊರಗೆ ಹೋದವು. ಹಾಗಾಗಿ ನಮ್ಮ ಪತ್ರಿಕೆಯ ಈ ಸಂದರ್ಶನವೂ ನೆಲದ ಮೇಲೆಯೇ ನಡೆಯಿತು, ನನ್ನ ಮಂಡಿ ಇನ್ನೂ ಬೈಯುತ್ತಿದೆ.

ಟೊಕಿಕೊ ಅವರದು ಒಂದೇ ಷರತ್ತು: ನಾಯಿಯ ಜೊತೆ ಮನೆಯವರು ಬಳಸಿದ, ತೊಳೆಯದ ಟವೆಲ್ ಕೊಡಬೇಕು. ಮನೆಯ ವಾಸನೆ ಇಲ್ಲದ ಕಡೆ ಚಿನ್ ಕಂಗಾಲಾಗುತ್ತದೆ. ಆದರೆ ಕೊಳೆಬಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ನಮ್ಮವರಿಗೆ ಪ್ರಾಣವೇ ಹೋದಂತೆ.

ಈ ವಾರ ಮಿಝುತಾನಿ ಅವರ ಮನೆಯಲ್ಲಿ ಹೆಂಚು ಬದಲಿಸುವ ಕೆಲಸವಿತ್ತು. ಅವರ ಮಾಮೆಗೆ ಹೃದಯ ದುರ್ಬಲ, ಸುತ್ತಿಗೆಯ ಸದ್ದು ಆಗದು. ಮಿಝುತಾನಿ ಅಮ್ಮ ಅದನ್ನು ಇಲ್ಲಿ ಬಿಟ್ಟು ಹೋದರು. ಜೊತೆಗೆ ಮಡಿಸಿದ ಟವೆಲ್, ಸಿಹಿತಿಂಡಿಯ ಡಬ್ಬಿ. ಮಾಮೆ ಆ ಟವೆಲಿನ ಕಡೆ ತಿರುಗಿಯೂ ನೋಡಲಿಲ್ಲ. ಅನ್ನದ ಗಂಜಿ ಮುಟ್ಟಲಿಲ್ಲ. ಮರುದಿನ ನೀರನ್ನೂ ಬಿಟ್ಟಿತು. ಪಶುವೈದ್ಯರು ಬಂದು ನೋಡಿ, "ಸಂಜೆಯೊಳಗೆ ಏನಾದ್ರೂ ತಿನ್ನಲಿ. ಇಲ್ಲಾಂದ್ರೆ ಡ್ರಿಪ್ ಹಾಕ್ಲೇಬೇಕು. ಆಸ್ಪತ್ರೆಯ ಗಾಬರೀನ ಈ ಹೃದಯ ತಡ್ಕೊಳ್ಳುತ್ತಾ ಅಂತ ನಾನು ಹೇಳಲಾರೆ," ಎಂದರು.

ಟೊಕಿಕೊ ಆಗ ಟವೆಲಿಗೆ ಮೂಗಿಟ್ಟು ನೋಡಿದರು. ಘಮಘಮ ಸಾಬೂನು! ಮಾಮೆಯನ್ನು ವೈದ್ಯರ ಕೈಗೆ ಕೊಟ್ಟು, ಸೈಕಲ್ ಹತ್ತಿ ಮಿಝುತಾನಿ ಅವರ ಮನೆಗೆ ಹೋದರು.

"ಟವೆಲ್ ಒಗೆದ್ರಾ?"

"ಮತ್ತೆ? ಎರಡು ಸಲ ಒಗೆದು ಇಸ್ತ್ರಿ ಮಾಡಿದೀನಿ. ಯಾಕೆ, ಕಲೆ ಏನಾದ್ರೂ ಇತ್ತಾ?" ಮಿಝುತಾನಿ ಅಮ್ಮ ಗಾಬರಿಯಾದರು.

"ಕಲೆ ಇದ್ದಿದ್ರೆ ಚೆನ್ನಾಗಿತ್ತು. ಮಾಮೆ ಊಟ ಬಿಟ್ಟಿದೆ. ಮೈಮೇಲೆ ಹಾಕಿದ್ದ ಬಟ್ಟೆ ಯಾವುದಾದ್ರೂ ಕೊಡಿ, ಒಗೀದೇ ಇರೋದು."

"ಅಯ್ಯೋ, ಬೆಳಿಗ್ಗೆ ಎಲ್ಲಾ ಒಗೆದು ಹಾಕ್ಬಿಟ್ಟೆನಲ್ಲಾ! ಅಲ್ಲದೆ ನಮ್ಮನೆ ಕೊಳೆ ನಿಮ್ಮನೆಗೆ ಅಂದ್ರೆ..."

ಅಷ್ಟರಲ್ಲಿ ಯಜಮಾನರು ಹೊರಗೆ ಬಂದರು. ನಾಯಿಯೆಲ್ಲ ಹೆಂಡತಿಯ ಹುಚ್ಚು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವರು. ಬಾಗಿಲಲ್ಲೇ ಸ್ವೆಟರ್ ಎತ್ತಿ, ಹೊಟ್ಟೆಗೆ ಸುತ್ತಿದ್ದ ಉಣ್ಣೆಪಟ್ಟಿ ಬಿಚ್ಚಿ ಕೊಟ್ಟರು.

"ತಗೊಳ್ಳಿ. ಚಳಿ ಶುರುವಾದಾಗಿಂದ ಒಗೆದಿಲ್ಲ. ಅದು ರಾತ್ರಿ ಮಲಗೋದೇ ಇದರ ಮೇಲೆ."

"ನನ್ನ ಪಕ್ಕ ಮಲಗುತ್ತಲ್ಲಾ!" ಎಂದರು ಹೆಂಡತಿ.

"ನಿನಗೆ ನಿದ್ದೆ ಹತ್ತೋ ತನಕ. ಆಮೇಲೆ ಈ ಕಡೆ ಬರುತ್ತೆ."

ಮಿಝುತಾನಿ ಅಮ್ಮ ಏಪ್ರನ್‌ನಲ್ಲಿ ಮುಖ ಮುಚ್ಚಿಕೊಂಡರಂತೆ. ನಾಚಿಕೆಯೋ ಹೊಟ್ಟೆಕಿಚ್ಚೋ, ಟೊಕಿಕೊಗೂ ಗೊತ್ತಿಲ್ಲ.

ಉಣ್ಣೆಪಟ್ಟಿ ಕಂಡದ್ದೇ ತಡ, ಮಾಮೆ ಅದರೊಳಗೆ ಮೂಗು ಹುದುಗಿಸಿತು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಸಂಜೆ ಎದ್ದು ಟೊಕಿಕೊ ಬೆರಳಿನಿಂದ ಗಂಜಿ ನೆಕ್ಕಿತು. ಯಜಮಾನರಿಗೆ ಫೋನ್ ಮಾಡಿ "ತಿಂತು" ಎಂದಾಗ, ಆ ಕಡೆಯಿಂದ "ಹೌದಾ" ಎಂಬ ಮಾತಷ್ಟೇ ಬಂತು, ಮತ್ತೆ ಬಹಳ ಹೊತ್ತು ಮೂಗೊರೆಸುವ ಸದ್ದು. ಅದನ್ನು ಹೇಳುವಾಗ ಟೊಕಿಕೊ ಕಣ್ಣೂ ಒದ್ದೆಯಾಗಿದೆ, ನಾನೂ ಕಿಟಕಿಯ ಕಡೆ ತಿರುಗುತ್ತೇನೆ.

ಹೆಂಚಿನ ಕೆಲಸ ಮುಗಿದಿದೆ, ಇವತ್ತು ಮಾಮೆ ಮನೆಗೆ ಹೊರಟಿದೆ. ಟೊಕಿಕೊ ಉಣ್ಣೆಪಟ್ಟಿಯನ್ನು ತಮ್ಮ ಅತ್ಯುತ್ತಮ ರೇಷ್ಮೆ ಬಟ್ಟೆಯಲ್ಲಿ ಕಟ್ಟುತ್ತಿದ್ದಾರೆ. ಎರವಲು ಪಡೆದ ವಸ್ತುವನ್ನು ಶುಚಿ ಮಾಡಿ ಮರಳಿಸಬೇಕೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಪಟ್ಟಿಯ ತುಂಬ ಬಿಳಿ ಕೂದಲು, ಒಂದು ಮೂಲೆಯಲ್ಲಿ ಗಂಜಿಯ ಕಲೆ.

"ಒಗೆಯೋದಿಲ್ವಾ?" ಎಂದು ಕೇಳುತ್ತೇನೆ.

ಟೊಕಿಕೊ ಗಂಟು ಬಿಗಿದು, ನನ್ನ ಕಡೆ ನೋಡಿ ನಗುತ್ತಾರೆ.

"ಜೀವನದಲ್ಲಿ ಮೊದಲ ಸಲ ಇನ್ನೊಬ್ಬರ ಬಟ್ಟೆ ಒಗೀದೇ ವಾಪಸ್ ಕೊಡ್ತಿದೀನಿ. ಇವತ್ತು ರಾತ್ರಿ ಮಾಮೆ ಮತ್ತೆ ಇದರ ಮೇಲೇ ಮಲಗ್ಬೇಕಲ್ಲಾ."