ಕೆಂಚನ ನಿಯತ್ತು

ಹೋದ ವಾರ ಕುದೂರಿನ ಹಿಟ್ಟಿನ ಗಿರಣಿಯಲ್ಲಿ ರಾಗಿ ಬೀಸಿಸಲು ನಿಂತಿದ್ದೆ. ಪಕ್ಕದ ಮೆಷಿನ್ನಿಗೆ ಯಾರೋ ಒಣಮೆಣಸಿನಕಾಯಿ ಸುರಿದರು. ಘಾಟು ಎದ್ದಿತು. ಸರದಿಯಲ್ಲಿದ್ದವರೆಲ್ಲ ಸೆರಗು, ಟವಲ್ಲು ಮೂಗಿಗೆ ಒತ್ತಿಕೊಂಡು, ಸೀನುತ್ತಾ ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪನ ಮನೆಯ ಪಕ್ಕದ ತೋಟದ ದೊಡ್ಡಪ್ಪ ನೆನಪಾದರು... ಅವರ ಪಂಪ್‌ಹೌಸಿನ ಮುಂದೆ ಹೀಗೇ ಸೀನುತ್ತಾ, ಮೂತಿಯನ್ನು ಮಣ್ಣಿಗೆ ಉಜ್ಜಿಕೊಳ್ಳುತ್ತಿದ್ದ ನಾಯಿಮರಿಯೂ ನೆನಪಾಯಿತು.

ದೊಡ್ಡಪ್ಪ ಅಂದರೆ ರಕ್ತಸಂಬಂಧವಲ್ಲ. ಸೋಲೂರಿನ ಆಚೆ ನಮ್ಮ ತೆಂಗಿನ ತೋಟಕ್ಕೂ ಅವರ ತೋಟಕ್ಕೂ ನಡುವೆ ಒಂದು ಬೇಲಿ, ಅಷ್ಟೇ. ಅಪ್ಪ ಅವರನ್ನು ಅಣ್ಣ ಅನ್ನುತ್ತಿದ್ದರು, ಹಾಗಾಗಿ ನನಗೆ ದೊಡ್ಡಪ್ಪ. ಕೆಟ್ಟ ಮನುಷ್ಯ ಎಂದು ಬರೆದುಬಿಟ್ಟರೆ ನನಗೆ ಸುಲಭವಾಗುತ್ತಿತ್ತು. ಆದರೆ ಎಳನೀರು ಇಳಿಸಿದ ದಿನ ಮೊದಲ ಗೊನೆ ನಮ್ಮ ಮನೆಗೇ ಬರುತ್ತಿತ್ತು. ಅಮ್ಮನಿಗೆ ಹುಷಾರಿಲ್ಲದಾಗ ನಮ್ಮ ಹಸುವಿನ ಹಾಲನ್ನೂ ಅವರೇ ಕರೆದು ಡೈರಿಗೆ ಹಾಕಿ ಬರುತ್ತಿದ್ದರು. ನಾಯಿಯ ವಿಷಯಕ್ಕೆ ಬಂದಾಗ ಮಾತ್ರ ಅವರ ತಲೆಗೆ ಯಾರ ಮಾತೂ ಇಳಿಯುತ್ತಿರಲಿಲ್ಲ.

ಅದಕ್ಕೆ ಕಾರಣವೂ ಇತ್ತು. ಮೋಟರಿನ ವೈರು ಕದಿಯಲು ಬಂದವರು ಅವರ ಹಿಂದಿನ ನಾಯಿಗೆ ಮಾಂಸದಲ್ಲಿ ವಿಷ ಹಾಕಿ ಕೊಂದಿದ್ದರು. ಬೆಳಿಗ್ಗೆ ದೊಡ್ಡಪ್ಪ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತದ್ದನ್ನು ನಾನು ಬೇಲಿಯ ಈಚೆಯಿಂದ ನೋಡಿದ್ದೆ. ಆಮೇಲೆ ಕೆಂಚನನ್ನು ತಂದರು. ಕೆಂಬಣ್ಣದ, ದುಂಡನೆಯ ಮರಿ. ತಂದ ದಿನವೇ ಹಠ ಹಿಡಿದರು, ಇದು ತಮ್ಮ ಕೈ ಬಿಟ್ಟು ಬೇರೆ ಯಾರ ಕೈಯಿಂದಲೂ ತಿನ್ನಬಾರದು ಎಂದು.

ಅದನ್ನು ಅವರು ಕಲಿಸಿದ್ದು ಹೀಗೆ. ಕಾಯಿ ಕೀಳುವವರು, ಗೊಬ್ಬರದವರು, ನೆಂಟರು, ತೋಟಕ್ಕೆ ಯಾರು ಬಂದರೂ ಅವರ ಕೈಗೆ ಒಂದು ತುಂಡು ಮುದ್ದೆ ಕೊಟ್ಟು ಮರಿಗೆ ಹಾಕಿಸುವರು. ಮುದ್ದೆಯೊಳಗೆ ಖಾರದ ಪುಡಿ ತುಂಬಿರುತ್ತಿತ್ತು. ಮರಿ ಆಸೆಯಿಂದ ನುಂಗಿ ಕುಂಯ್ಗುಟ್ಟಿ ಒದ್ದಾಡುವಾಗ ದೊಡ್ಡಪ್ಪ ಬಂದು ತಮ್ಮ ಕೈಯಿಂದ ಮಜ್ಜಿಗೆ ಕುಡಿಸುವರು. ನನ್ನ ಕೈಗೂ ಒಂದು ದಿನ ಕೊಟ್ಟರು, ಒಳಗೇನಿದೆ ಎಂದು ಹೇಳದೆ. "ಒಸಿ ಹಾಕವ್ವ, ನಿನ್ನ ಕಂಡ್ರೆ ಬಾಲ ಅಲ್ಲಾಡಿಸ್ತದೆ" ಅಂದರು. ಹಾಕಿದೆ. ಆಮೇಲೆ ಅದು ನನ್ನನ್ನು ಕಂಡರೆ ಬಾಲ ಅಲ್ಲಾಡಿಸಲಿಲ್ಲ. ಖಾರ ಅವರದು, ಕೈ ಮಾತ್ರ ನನ್ನದು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಅಮ್ಮ ಒಮ್ಮೆ ತಡೆಯಲಾರದೆ ಹೇಳಿದಳು, "ಬಾವ, ಮೂಕಪ್ರಾಣಿ ಅದು. ನಾಳೆ ನೀವಿಲ್ದಾಗ ಯಾರು ಅನ್ನ ಇಕ್ಬೇಕು?"

"ನಾನೆಲ್ಲಿಗೋಯ್ತೀನವ್ವ?" ಎಂದು ದೊಡ್ಡಪ್ಪ ನಕ್ಕರು.

ಕೆಂಚ ಬೆಳೆದ. ಬಿಸ್ಕತ್ತು ಎಸೆದರೂ ಮೂಸದೆ ಹಿಂದೆ ಸರಿಯುವ ನಾಯಿಯನ್ನು ಬಂದವರಿಗೆಲ್ಲ ತೋರಿಸುವುದೇ ದೊಡ್ಡಪ್ಪನಿಗೆ ಹಬ್ಬ. ಬಂದವರು ಭೇಷ್ ಅನ್ನುವರು, ನಾಯಿಗಿರೋ ನಿಯತ್ತು ಮನುಷ್ಯರಿಗಿಲ್ಲ ಅನ್ನುವರು. ಆಗೆಲ್ಲ ಕೆಂಚನ ಬಾಲ ಹೊಟ್ಟೆಯಡಿ ಸೇರಿರುತ್ತಿತ್ತು. ಕಿವಿ ತಲೆಗೆ ಅಂಟಿಕೊಂಡಿರುತ್ತಿತ್ತು. ಏನೂ ತಿನ್ನದೆಯೇ ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುತ್ತಿತ್ತು. ನಾಯಿ ಹೆದರಿದೆ ಎಂದು ಇದಕ್ಕಿಂತ ಬಿಡಿಸಿ ಹೇಳಲು ಅದಕ್ಕೆ ಬಾಯಿ ಬರಬೇಕಿತ್ತು. ಹಗಲೂ ರಾತ್ರಿ ಸರಪಳಿಯಲ್ಲೇ ಇದ್ದು ಇದ್ದು, ದೊಡ್ಡಪ್ಪನನ್ನು ಬಿಟ್ಟು ಯಾರು ಹತ್ತಿರ ಹೋದರೂ ಮೈಮೇಲೆ ಬೀಳುತ್ತಿತ್ತು. ಅದಕ್ಕೂ ಊರಿನವರು ಒಳ್ಳೆಯ ಹೆಸರು ಕೊಟ್ಟಿದ್ದರು, ಚುರುಕು ಎಂದು.

ಒಂದು ದಿನ ದೊಡ್ಡಪ್ಪ ಬೈಕಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು, ದೊಡ್ಡವ್ವನೂ ಜೊತೆಗೆ ಹೋದರು. ತೋಟದ ಗೇಟಿನ ಬೀಗದ ಕೈ ನಮ್ಮ ಮನೆಗೆ ಬಂತು. ಡಿಗ್ರಿ ಮುಗಿಸಿ ಮನೆಯಲ್ಲಿದ್ದವಳು ನಾನೇ ಆದ್ದರಿಂದ ಕೆಂಚನ ಊಟ ನನ್ನ ಪಾಲಿಗೆ ಬಂತು.

ಹಾಲು ಅನ್ನ ಕಲಸಿಕೊಂಡು ಹೋದೆ. ಕೆಂಚ ಸರಪಳಿ ಬಿಗಿಯಾಗುವವರೆಗೆ ಹಿಂದೆ ಹೋಗಿ ಮುಖ ತಿರುಗಿಸಿ ಕುಳಿತ. ತಟ್ಟೆಯನ್ನು ಕೋಲಿನಿಂದ ತಳ್ಳಿ ದೂರ ಬಂದೆ. ಸಂಜೆ ನೋಡಿದರೆ ಅನ್ನಕ್ಕೆ ಇರುವೆ ಮುತ್ತಿತ್ತು. ಮಾರನೆಯ ದಿನ ಮೊಟ್ಟೆ, ಆಮೇಲೆ ಅಪ್ಪ ತಂದ ಕೋಳಿ ಮಾಂಸ... ಮಾಂಸ ಕಂಡಾಗ ಅದರ ಬಾಯಿಂದ ಜೊಲ್ಲು ಸುರಿಯಿತು, ಮೈ ನಡುಗಿತು, ಒಂದು ಹೆಜ್ಜೆ ಮುಂದೆ ಇಟ್ಟು ಎರಡು ಹೆಜ್ಜೆ ಹಿಂದೆ ಹೋಯಿತು. ನಾನೇ ಒಂದು ತುಂಡು ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ. "ನೋಡು, ಖಾರ ಇಲ್ಲ ಕಣೋ" ಎಂದು ಅತ್ತೆ. ನನ್ನ ಬಾಯಿಯನ್ನೇ ನೋಡುತ್ತಿತ್ತು, ಕೈ ಚಾಚಿದೊಡನೆ ಕಣ್ಣು ತಪ್ಪಿಸಿತು. ತೊಟ್ಟಿಯ ನೀರು ಎಟಕುತ್ತಿತ್ತು, ಅದನ್ನಷ್ಟೇ ಕುಡಿಯಿತು.

ಬಿಚ್ಚಿಬಿಟ್ಟರೆ ಎಲ್ಲಾದರೂ ಹೆಕ್ಕಿ ತಿಂದು ಬದುಕೀತು ಎಂದು ಅಪ್ಪ ಸರಪಳಿಯ ಹತ್ತಿರ ಹೋದರು. ತೋಳಿಗೆ ಹಲ್ಲು ನಾಟಿತು. ಸೂಜಿ ಚುಚ್ಚಿಸಿಕೊಂಡು ಬಂದರು. ಆಸ್ಪತ್ರೆಗೆ ಫೋನು ಮಾಡಿ, ಸ್ಪೀಕರ್ ಹಾಕಿ ಕೆಂಚನ ಕಡೆ ಹಿಡಿದರು. "ತಿನ್ನು ಮಗ, ತಿನ್ನು" ಎಂದು ದೊಡ್ಡಪ್ಪನ ದನಿ ಕೇಳಿದ್ದೇ ತಡ, ಕೆಂಚ ಎದ್ದು ಪಂಪ್‌ಹೌಸಿನ ಬಾಗಿಲು ಕೆರೆದ, ಗೇಟಿನ ಕಡೆ ಜಗ್ಗಿದ, ಕತ್ತು ಬಿಗಿದು ಉಸಿರು ಕಟ್ಟುವಷ್ಟು ಎಳೆದ. ತಟ್ಟೆ ಕಾಲಿಗೆ ಸಿಕ್ಕಿ ಮಗುಚಿತು. ಫೋನು ಇಟ್ಟ ಮೇಲೂ ಬಹಳ ಹೊತ್ತು ಗೇಟನ್ನೇ ನೋಡುತ್ತಾ ನಿಂತಿತ್ತು.

ಮೂರನೆಯ ವಾರಕ್ಕೆ ಅದರ ಪಕ್ಕೆಲುಬು ಎಣಿಸುವಂತಾದಾಗ ಪಶುವೈದ್ಯರು ಬಂದು ದೂರದಿಂದಲೇ ನೋಡಿದರು. ಬಲೆ ಮತ್ತು ಇಬ್ಬರು ಆಳುಗಳನ್ನು ಕರೆದುಕೊಂಡು ನಾಳೆ ಬರುತ್ತೇನೆ, ಹಿಡಿದು ಗ್ಲೂಕೋಸ್ ಹಾಕೋಣ ಎಂದರು. ಅವರು ಬರುವ ಹೊತ್ತಿಗೆ ಕೆಂಚ ತೊಟ್ಟಿಯ ಪಕ್ಕ ಸತ್ತು ಬಿದ್ದಿದ್ದ. ಅವತ್ತು ಮೊದಲ ಸಲ ಅದರ ತಲೆ ಮುಟ್ಟಿದೆ.

ದೊಡ್ಡಪ್ಪ ವಾಕರ್ ಹಿಡಿದು ಮನೆಗೆ ಬಂದ ದಿನ ನಾವೆಲ್ಲ ಹೋದೆವು. ತಲೆ ತಗ್ಗಿಸಿಕೊಂಡು ಅತ್ತರು. ಕಣ್ಣೊರೆಸಿಕೊಂಡವರೇ, "ನೋಡ್ದೇನವ್ವ ನನ್ ಮಗಂದು ನಿಯತ್ತ? ಪ್ರಾಣ ಬುಟ್ಟ, ಬ್ಯಾರೇರ ಕೈ ಮುಟ್ಲಿಲ್ಲ" ಅಂದರು. ಆ ಮುಖದಲ್ಲಿ ಹೆಮ್ಮೆ ಇತ್ತು.

"ನಿಯತ್ತಲ್ಲ ದೊಡ್ಡಪ್ಪ. ನೀವು ತಿನ್ನಿಸಿದ ಖಾರಕ್ಕೆ ಹೆದರ್ಕೊಂಡು, ಹೊಟ್ಟೆಗಿಲ್ದೆ ಸತ್ತೋಯ್ತು" ಎಂದೆ.

"ನಾಯಿ ಸಾಕ್ದೋನು ನಾನು. ನಿಂಗೇನವ್ವ ಗೊತ್ತು" ಅಂದರು. ಅಪ್ಪ ನನ್ನ ತೋಳು ಹಿಡಿದು ಹೊರಗೆ ಕರೆತಂದರು.

ಅವತ್ತಿನಿಂದ ದೊಡ್ಡಪ್ಪ ನನ್ನ ಜೊತೆ ಮಾತು ಬಿಟ್ಟರು. ಕೆಂಚನನ್ನು ಹೂತಲ್ಲಿ ಕಲ್ಲು ನೆಡಿಸಿದರು. ಬಂದವರು ಕೈ ಮುಗಿದರು, ಯಾರೋ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿದರು. ಅದು ಊರೂರು ಸುತ್ತಿ ನನ್ನ ಫೋನಿಗೂ ಬಂತು, ಅಳುವ ಮುಖದ ಚಿತ್ರಗಳ ಸಮೇತ. ಕಲ್ಲಿನ ಬುಡದ ಮಣ್ಣು ಆರುವ ಮೊದಲೇ ಇನ್ನೊಂದು ಮರಿ ತಂದರು. ನಾಯಿ ಬಾಲ ಡೊಂಕು ಎಂದು ಜನ ಸುಮ್ಮನೆ ನಾಯಿಯನ್ನು ಆಡಿಕೊಳ್ಳುತ್ತಾರೆ. ಬೇಲಿಯಾಚೆ ಮತ್ತೆ ಮರಿ ಕುಂಯ್ಗುಟ್ಟುವುದು ಕೇಳಿದಾಗ ನಾನು ಒಳಗೆ ಹೋಗಿ ರೇಡಿಯೋ ಹಾಕುತ್ತಿದ್ದೆ.

ನಾನು ಮದುವೆಯಾಗಿ ಕುದೂರಿಗೆ ಬಂದೆ. ಮದುವೆಗೆ ದೊಡ್ಡಪ್ಪ ಬರಲಿಲ್ಲ, ಎಳನೀರಿನ ಗೊನೆ ಮಾತ್ರ ಕಳಿಸಿದ್ದರು. ಸ್ವಲ್ಪ ದಿನಕ್ಕೇ ಎದೆನೋವು ಬಂದು ಹೋಗಿಬಿಟ್ಟರು. ಒಂದು ಮಾತಾಡಿದ್ದರೆ... ಗೊತ್ತಿಲ್ಲ. ಅವರು ಒಪ್ಪುತ್ತಿರಲಿಲ್ಲ, ನಾನೂ ಬಿಡುತ್ತಿರಲಿಲ್ಲ. ಆದರೂ ಅವರಿಲ್ಲದ ತೋಟದ ಕಡೆ ನೋಡಲು ನನಗೆ ಆಗುವುದಿಲ್ಲ. ತಿಥಿಯ ದಿನ ದೊಡ್ಡವ್ವ ಆ ಮರಿಯ ಸರಪಳಿಯನ್ನು ನನ್ನ ಕೈಗೆ ಕೊಟ್ಟು, "ನೀನೇ ಕರ್ಕೊಂಡೋಗವ್ವ, ಇದ್ರ ಗೋಳು ನನ್ಕೈಲಿ ನೋಡಾಕಾಗಕಿಲ್ಲ" ಅಂದರು.

ಅದೀಗ ನಮ್ಮ ಮನೆಯಲ್ಲಿ ದೊಡ್ಡದಾಗಿದೆ. ಸರಪಳಿ ಬಿಚ್ಚಿ ಎಷ್ಟೋ ಕಾಲವಾಯಿತು. ನನ್ನ ಕಾಲ ಬಳಿ ಮಲಗುತ್ತದೆ, ಕರೆದರೆ ಬರುತ್ತದೆ. ಊಟ ಮಾತ್ರ ನನ್ನೆದುರು ಮಾಡುವುದಿಲ್ಲ. ತಟ್ಟೆ ಇಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ನಡುವೆ ನಾನು ಕಂಡರೆ ಬಾಯಲ್ಲಿರುವ ತುತ್ತನ್ನೂ ಬಿಟ್ಟು ಹಿಂದೆ ಸರಿಯುತ್ತದೆ. ಮೊನ್ನೆ ಮನೆಗೆ ಬಂದ ನೆಂಟರೊಬ್ಬರು ಇದನ್ನು ನೋಡಿ ತಲೆದೂಗಿದರು.

"ಹಳೇ ಯಜಮಾನ್ರನ್ನ ಇನ್ನೂ ಮರ್ತಿಲ್ಲ ನೋಡವ್ವ ಇದು."

"ಹೂಂ, ಮರ್ತಿಲ್ಲ" ಎಂದೆ.