ಎರಡನೆಯ ತೋಟಾ

ಮೊನ್ನೆ ಸಂಜೆ ಆಫೀಸಿನಿಂದ ಬಂದು ಲಿಫ್ಟಿನೊಳಗೆ ಕಾಲಿಟ್ಟವನು ಬಾಗಿಲಲ್ಲೇ ತಡೆದು ನಿಂತೆ. ದೋಹಾದ ಅಲ್ ಹಿಲಾಲ್‌ನ ನಮ್ಮ ಹಳೆಯ ಕಟ್ಟಡದ ಲಿಫ್ಟಿಗೆ ವಾಸನೆಗಳೇನೂ ಹೊಸತಲ್ಲ. ಯಾರ ಮನೆಯಲ್ಲಿ ಬಂಗುಡೆ ಕರಿದರು, ಯಾರು ಅತ್ತರು ಬಳಿದುಕೊಂಡು ಹೊರಟರು ಎಂಬುದೆಲ್ಲ ಅಲ್ಲಿ ಬಯಲಾಗುತ್ತದೆ. ಆದರೆ ಅವತ್ತು ಇದ್ದದ್ದು ನೋವಿನ ಮುಲಾಮಿನ ವಾಸನೆ. ನಾಲ್ಕನೆಯ ಮಹಡಿಯ ಬ್ಯಾರಿ ಸಾಹೇಬರು ಒಂದು ಕೈಯಲ್ಲಿ ಇಫ್ತಾರಿನ ಖರ್ಜೂರದ ಪೊಟ್ಟಣ ಹಿಡಿದು, ಇನ್ನೊಂದು ಕೈಯಿಂದ ಬಲಭುಜ ನೀವಿಕೊಳ್ಳುತ್ತಿದ್ದರು.

"ಎಂತಾಯ್ತು ಸಾಹೇಬ್ರೆ?"

"ಎಂತ ಇಲ್ಲ ಮಾರಾಯ್ರೆ. ಎಸಿ ಗಾಳಿ ತಾಗಿದ್ದು."

"ಒಂದು ಎಕ್ಸ್‌ರೇ ತೆಗೆಸಿ."

ಸಾಹೇಬರು ಗಟ್ಟಿಯಾಗಿ ನಕ್ಕರು. "ಭುಜ ನೋವಿಗೆ ಎಕ್ಸ್‌ರೇಯಾ? ಡಾಕ್ಟ್ರು ಕೂಡ ಹೇಳ್ಲಿಕ್ಕಿಲ್ಲ ಹಾಗೆ!"

ಡಾಕ್ಟರು ಹೇಳುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಪೊನ್ನಪ್ಪನಿಗೂ ಯಾರೂ ಹೇಳಿರಲಿಲ್ಲ.

ಪೊನ್ನಪ್ಪ ಕೊಡಗಿನವನು. ಏಷ್ಯನ್ ಕ್ರೀಡಾಕೂಟಕ್ಕೆಂದು ದೋಹಾದ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದ ಕಾಲದಲ್ಲಿ ನಾವಿಬ್ಬರೂ ಬಿನ್ ಒಮ್ರಾನ್‌ನ ಒಂದು ಫ್ಲ್ಯಾಟಿನಲ್ಲಿದ್ದೆವು. ಕೆಲಸವೂ ಒಂದೇ ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ. ಅವನು ಲಾರಿ ಯಾರ್ಡಿನ ಸೂಪರ್‌ವೈಸರ್, ನಾನು ಲೆಕ್ಕಪತ್ರದವನು. ಅದಕ್ಕೇ ನನ್ನ ಹೆಸರು ಬಿಟ್ಟು "ಅಕೌಂಟ್ಸು" ಎಂದೇ ಕರೆಯುತ್ತಿದ್ದ. ಅವನಿಗೆ ಮದುವೆಯಾಗಿರಲಿಲ್ಲ, ಊರಿನಲ್ಲಿ ಅಣ್ಣನ ಸಂಸಾರವಿತ್ತು. ಹಿಂದೆ ಕೆಲವು ವರ್ಷ ಸೈನ್ಯದಲ್ಲಿದ್ದವನಾದ್ದರಿಂದ ಹಾಸಿಗೆಯ ಹೊದಿಕೆಯಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ. ನನ್ನ ಹಾಸಿಗೆ ನೋಡಿದಾಗಲೆಲ್ಲ, "ಇದರಲ್ಲಿ ಹಂದಿ ಹೊರಳಿದೆಯಾ?" ಎಂದು ಕೇಳುತ್ತಿದ್ದ.

ನಮ್ಮ ಮಾಲೀಕ ಬೂ ಹಮದ್ ಬೇಟೆಯ ಹುಚ್ಚಿನ ಕತಾರಿ. ವರ್ಷಕ್ಕೊಮ್ಮೆ ಆಫ್ರಿಕಾಕ್ಕೆ ಹೋಗಿ ಏನಾದರೊಂದರ ಕೊಂಬು ತರುತ್ತಿದ್ದ. ಓದಿ ಮುಗಿದ ಬೇಟೆಯ ಮ್ಯಾಗಜೀನುಗಳೆಲ್ಲ ಪೊನ್ನಪ್ಪನ ಪಾಲಿಗೆ ಬರುತ್ತಿದ್ದವು, ಅವನ ಮೂಲಕ ನನ್ನ ಪಾಲಿಗೂ. ಶುಕ್ರವಾರ ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಉಂಡು, ಕರ್ಟನ್ ಎಳೆದು, ಎಸಿಯ ಕೆಳಗೆ ಲುಂಗಿ ಸುತ್ತಿಕೊಂಡು ಬಿದ್ದಿದ್ದ ಇಬ್ಬರು ಗಂಡಸರು ಆಫ್ರಿಕಾದ ಕಾಡುಕೋಣಕ್ಕೆ ಯಾವ ಮ್ಯಾಗ್ನಮ್ ತೋಟಾ ಸರಿ ಎಂದು ಜಗಳವಾಡುತ್ತಿದ್ದೆವು. ಅವನಾದರೂ ಬಂದೂಕು ಹಿಡಿದವನು. ನಾನು ಹುಟ್ಟಿದ ಮೇಲೆ ಹಾರಿಸಿದ್ದು ದೀಪಾವಳಿಯ ಕೇಪಿನ ಪಿಸ್ತೂಲು ಮಾತ್ರ, ಅದೂ ಕಣ್ಣು ಮುಚ್ಚಿಕೊಂಡು.

ಮ್ಯಾಗ್ನಮ್ ಎಂದರೇನು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಸಾಧಾರಣ ತೋಟಾಕ್ಕಿಂತ ಹೆಚ್ಚು ಮದ್ದು ತುಂಬಿದ ತೋಟಾ, ಅಷ್ಟೇ. ತ್ರೀ ಹಂಡ್ರೆಡ್, ತ್ರೀ ಸೆವೆಂಟಿಫೈವ್ ಎಂಬುದೆಲ್ಲ ಗುಂಡಿನ ದಪ್ಪ. ತ್ರೀ ಹಂಡ್ರೆಡ್‌ನ ಗುಂಡು ಸಪೂರ, ಬಹಳ ವೇಗ; ಈಲ್ಯಾಂಡ್ ಎಂಬ ಎತ್ತಿನಷ್ಟು ದೊಡ್ಡ ಜಿಂಕೆಯನ್ನು ದೂರದಿಂದಲೇ ಕೆಡವಬಹುದು. ತ್ರೀ ಸೆವೆಂಟಿಫೈವ್ ದಪ್ಪ, ನಿಧಾನ, ಭಾರ. ಹತ್ತಿರ ನಿಂತ ಕೋಣದ ಮೂಳೆಯನ್ನು ಹೊಕ್ಕರೂ ನಿಲ್ಲುವುದಿಲ್ಲ. ಅದಕ್ಕಿಂತ ಮೇಲೆ ಫೋರ್ ಫಿಫ್ಟಿಯೆಯ್ಟ್ ಎಂಬುದೊಂದಿದೆ. ಪೊನ್ನಪ್ಪನ ಪ್ರಕಾರ ಅದನ್ನು ಹಾರಿಸಿದರೆ ಆ ಕಡೆ ಆನೆ ಬೀಳುತ್ತದೆ, ಈ ಕಡೆ ಹಾರಿಸಿದವನು. ಮದ್ದು ಹೆಚ್ಚಿದಷ್ಟೂ ಬಂದೂಕಿನ ಹಿಂಬದಿ ಭುಜಕ್ಕೆ ಒದೆಯುವುದು ಜಾಸ್ತಿ. ಈ ಒದೆತದ ಮಾತನ್ನು ನೆನಪಿಟ್ಟುಕೊಳ್ಳಿ.

ನಾನು ವೇಗದ ಪಕ್ಷ, ಅವನು ಭಾರದ ಪಕ್ಷ.

"ಅಕೌಂಟ್ಸು, ಜೋರಾಗಿ ಬಂದ ಸ್ಕೂಟರು ಗುದ್ದಿದ್ರೆ ಎದ್ದು ನಿಂತು ಬೈತೀಯ. ನಿಧಾನ ಬಂದ ಲಾರಿ ಗುದ್ದಿದ್ರೆ ಬೈಯೋಕೆ ನೀನೇ ಇರಲ್ಲ. ಕೋಣಕ್ಕೆ ತ್ರೀ ಸೆವೆಂಟಿಫೈವ್. ಖಲಾಸ್."

"ಆ ಕೋಣ ನಿನಗೆಂತ ಮಾಡಿದೆ ಮಾರಾಯ? ಅದನ್ನು ಯಾಕೆ ಕೊಲ್ಲುದು?" ಎಂದು ಸೋಲುವ ಹೊತ್ತಿಗೆ ನಾನು ಅಹಿಂಸೆಗೆ ಇಳಿಯುತ್ತಿದ್ದೆ, ಹಲ್ಲಿನ ಸಂದಿಯಿಂದ ಅಂಜಲ್ ಮೀನಿನ ಮುಳ್ಳು ತೆಗೆಯುತ್ತ.

ಅವನಿಗೆ ಅದು ಬರಿಯ ವಾದವಾಗಿರಲಿಲ್ಲ. ಈದ್ ಮುಗಿದ ಮೇಲೆ ತನ್ನ ಜೊತೆ ಆಫ್ರಿಕಾಕ್ಕೆ ಕರೆದೊಯ್ಯುವುದಾಗಿ ಬೂ ಹಮದ್ ಮಾತು ಕೊಟ್ಟಿದ್ದ. ಒಂದು ಕೋಣ ಪೊನ್ನಪ್ಪನದು. ಅಜ್ಜಂದಿರೆಲ್ಲ ಬೇಟೆಗಾರರು, ಇವನ ಕಾಲಕ್ಕೆ ಬೇಟೆಯೇ ಕಾನೂನುಬಾಹಿರ. "ಹಬ್ಬದ ದಿನ ಕೋವಿಗೆ ಹೂವು ಮುಡಿಸ್ತೀವಿ, ತೆಂಗಿನಕಾಯಿಗೆ ಗುರಿ ಇಡ್ತೀವಿ. ಒಂದು ಸಲ, ಒಂದೇ ಸಲ, ತಿರುಗಿ ಮೇಲೆ ಬರೋ ಪ್ರಾಣಿ ಎದುರು ನಿಲ್ಬೇಕು ಅಕೌಂಟ್ಸು" ಎನ್ನುತ್ತಿದ್ದ. ಹೇಳುವಾಗ ಕೈಯಲ್ಲಿನ ಸಿಗರೇಟು ಸೇದದೆಯೇ ಉರಿದು ಬೂದಿಯಾಗುತ್ತಿತ್ತು.

ಕೋವಿಯ ಮಾತು ಬಂದಾಗಲೇ ಅವರ ಪದ್ಧತಿಯನ್ನೂ ಹೇಳಿದ್ದ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಾರೆ, ಯಾರಾದರೂ ಸತ್ತರೆ ಎರಡು. ಗುಡ್ಡದಾಚೆಯವರು ಎಣಿಸಿ ತಿಳಿದುಕೊಳ್ಳುತ್ತಾರೆ. ಅವನ ಅಜ್ಜನ ತಮ್ಮ ತೀರಿಕೊಂಡಾಗ ಮೊದಲನೆಯ ತೋಟಾ ಢಂ ಎಂದಿತು; ಮಳೆಗಾಲದ ತೇವಕ್ಕೆ ಎರಡನೆಯದು ಠುಸ್ಸೂ ಎನ್ನಲಿಲ್ಲ. ಆಚೆ ಗುಡ್ಡದ ಹೆಂಗಸೊಬ್ಬಳು ಕೊಬ್ಬರಿ ಎಣ್ಣೆಯ ಕುಪ್ಪಿ ಹಿಡಿದು ನಗುನಗುತ್ತ ಬಂದು, "ಎಲ್ಲಿ ಮಗು? ಬಾಣಂತಿ ಹೇಗಿದ್ದಾಳೆ?" ಎಂದು ಕೇಳಿದಳಂತೆ. ಇದನ್ನು ಹೇಳಿ ಪೊನ್ನಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಎರಡನೇದು ಕೇಳೋವರೆಗೆ ನಮ್ಮಲ್ಲಿ ಯಾರೂ ಸತ್ತ ಲೆಕ್ಕ ಅಲ್ಲ!"

ಆ ಬೇಸಗೆಯಲ್ಲಿ ಅವನ ಬಲಭುಜ ನೋಯಲು ಶುರುವಾಯಿತು. ಕ್ಲಿನಿಕ್ಕಿನಲ್ಲಿ ಫ್ರೋಜನ್ ಶೋಲ್ಡರ್ ಎಂದರು. ಮಾತ್ರೆ, ಮುಲಾಮು, ಗೋಡೆಗೆ ಬೆರಳು ಹತ್ತಿಸುವ ವ್ಯಾಯಾಮ. ಫ್ಲ್ಯಾಟಿಗೆಲ್ಲ ಮುಲಾಮು ನಾರುತ್ತಿತ್ತು. ಸಾರಿಗೂ ಅದೇ ರುಚಿ ಬಂದಿದೆ ಎಂದು ನಾನು ಗೊಣಗುತ್ತಿದ್ದೆ. ಆಮೇಲೆ ಬಲಗಣ್ಣಿನ ರೆಪ್ಪೆ ಅರ್ಧ ಇಳಿಯಿತು. "ಯಾರಿಗೆ ಗುರಿ ಇಟ್ಟಿದ್ದೀ?" ಎಂದು ಯಾರ್ಡಿನವರೆಲ್ಲ ಕೇಳುವವರೇ. ಅವನು ಆ ಕಣ್ಣನ್ನು ಇನ್ನೂ ಕಿರಿದಾಗಿಸಿ ನಮ್ಮತ್ತ ತಿರುಗುತ್ತಿದ್ದ.

ರಮ್ಜಾನಿಗೆ ಮುಂಚೆ ಒಂದು ಸಂಜೆ ಬೂ ಹಮದ್ ನಮ್ಮನ್ನು ತನ್ನ ಮಜ್ಲಿಸ್‌ಗೆ, ಅಂದರೆ ಅತಿಥಿಗಳನ್ನು ಕೂರಿಸುವ ಹಾಲಿಗೆ, ಕರೆಸಿದ. ಕಪಾಟಿನಿಂದ ತ್ರೀ ಸೆವೆಂಟಿಫೈವ್ ರೈಫಲ್ಲನ್ನು ತೆಗೆದು, ಖಾಲಿಯಿದೆಯೆಂದು ತೋರಿಸಿ, "ಯಲ್ಲಾ, ಹಿಡಿ" ಎಂದು ಪೊನ್ನಪ್ಪನ ಕೈಗಿತ್ತ. ಪೊನ್ನಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಭುಜಕ್ಕೇರಿಸಿದ. ಅವನ ಮುಖ ಬಿಳಿಚಿತು, ಹಣೆಯಲ್ಲಿ ಬೆವರೊಡೆಯಿತು. ಬಹಳ ಮೆಲ್ಲಗೆ ಕೆಳಗಿಳಿಸಿ, "ಭಾರ ಚೆನ್ನಾಗಿದೆ" ಎಂದ. ಭಾವುಕನಾಗಿದ್ದಾನೆ ಎಂದುಕೊಂಡು ನಾನು ಬೇರೆ ಕಡೆ ನೋಡಿದೆ.

ಮುಂದಿನ ಶುಕ್ರವಾರ ಅವನಾಗಿಯೇ ಹೇಳಿದ: "ನೀನು ಹೇಳೋದೇ ಸರಿ ಕಾಣತ್ತೆ. ತ್ರೀ ಹಂಡ್ರೆಡ್ ಸಾಕು."

"ಹಾಗಾದ್ರೆ ಕೋಣ?" ಎಂದೆ. ಅಲ್ಲಿನ ಕಾನೂನಿನಂತೆ ಕೋಣಕ್ಕೆ ತ್ರೀ ಸೆವೆಂಟಿಫೈವ್‌ಗಿಂತ ಸಣ್ಣದು ನಡೆಯುವುದಿಲ್ಲ ಎಂದು ನನಗೆ ಕಲಿಸಿದವನೇ ಅವನು.

"ಕೋಣ ಬೇಡ. ಈಲ್ಯಾಂಡ್ ಸಾಕು."

ನನಗೋ ಸ್ವರ್ಗಕ್ಕೆ ಮೂರೇ ಗೇಣು. ಅವತ್ತೇ ಸಂಜೆ ಅವನನ್ನು ಅಲ್ ಮನ್ಸೂರಾದ ನಮ್ಮೂರ ಹೋಟೆಲಿಗೆ ಎಳೆದೊಯ್ದು, ಪರಿಚಯದ ವೇಯ್ಟರನಿಗೂ ನನ್ನ ವಿಜಯವನ್ನು ಸಾರಿದೆ. ಪೊನ್ನಪ್ಪ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತ ನಗುತ್ತಿದ್ದ. ಕೆಮ್ಮು ಆಗಲೇ ಇತ್ತು. ಅದೇ ಕೆಮ್ಮಿಗೆಂದು ಕೊನೆಗೆ ಯಾರೋ ಎಕ್ಸ್‌ರೇ ತೆಗೆಸಿದರು.

ಭುಜದಲ್ಲಿ ಏನೂ ಇರಲಿಲ್ಲ. ಶ್ವಾಸಕೋಶದ ನೆತ್ತಿಯಲ್ಲಿ ಕೂತಿದ್ದ ಗಡ್ಡೆ ಭುಜದ ನರಗಳನ್ನು ಹಿಡಿದು ಹಿಂಡುತ್ತಿತ್ತು. ರೆಪ್ಪೆ ಇಳಿದದ್ದೂ ಅದರಿಂದಲೇ. ಅಷ್ಟರಲ್ಲಿ ಅದು ಬೆನ್ನುಮೂಳೆಗೆ ಹಬ್ಬಿ, ವಿಮಾನ ಹತ್ತಿ ಊರಿಗೆ ಹೋಗುವ ಸ್ಥಿತಿಯನ್ನೂ ದಾಟಿಯಾಗಿತ್ತು.

ರಮ್ಜಾನ್ ತಿಂಗಳಿಡೀ ಸಂಜೆ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂರುತ್ತಿದ್ದೆ. ಒಂದು ದಿನ ಬೂ ಹಮದ್ ಬಂದು ಅವನ ಹಣೆಗೆ ಮುತ್ತಿಟ್ಟು, "ಬಾದ್ ಈದ್, ಇನ್ಶಾಲ್ಲಾ. ನಾನು, ನೀನು, ಸವಾ ಸವಾ" ಎಂದ. ಈದ್ ಮುಗಿಯಲಿ, ಇಬ್ಬರೂ ಜೊತೆಯಲ್ಲೇ ಹೋಗೋಣ ಎಂದು. ಹೊರಗೆ ಬಂದು ಕಾರಿಡಾರಿನಲ್ಲಿ ಬಿಳಿ ತಲೆವಸ್ತ್ರದ ತುದಿಯಿಂದ ಕಣ್ಣೊರಸಿಕೊಂಡ.

ಅವನು ಹೋದ ಮೇಲೆ ಪೊನ್ನಪ್ಪ ನನ್ನನ್ನು ಹತ್ತಿರ ಕರೆದ.

"ಅಕೌಂಟ್ಸು, ಕೋಣಕ್ಕೆ ತ್ರೀ ಸೆವೆಂಟಿಫೈವೇ ಸರಿ. ನಾನು ಒಪ್ಪಿದ್ದು ನಿನ್ನ ವಾದಕ್ಕಲ್ಲ ಮಾರಾಯ, ಈ ಭುಜಕ್ಕೆ."

ಹೋಟೆಲಿನಲ್ಲಿ ನನ್ನ ವಿಜಯವನ್ನು ಸಾರಿದ್ದು ನೆನಪಾಯಿತು. ಅವನ ಆಸೆಯೊಂದು ನನ್ನ ಎದುರಿಗೇ, ಗೇಣು ಗೇಣಾಗಿ, ಕೋಣದಿಂದ ಜಿಂಕೆಗೆ, ಜಿಂಕೆಯಿಂದ ಈ ಮಂಚಕ್ಕೆ ಇಳಿದು ಬಂದಿತ್ತು.

ಅಷ್ಟು ಹೊತ್ತಿಗೆ ದೂರದಲ್ಲಿ ಇಫ್ತಾರಿನ ಫಿರಂಗಿ ಹಾರಿತು. ಸೂರ್ಯ ಮುಳುಗಿದ ಗುರುತಿಗೆ ಇಲ್ಲಿ ರಮ್ಜಾನಿನ ಪ್ರತಿ ಸಂಜೆ ಒಂದು ಫಿರಂಗಿ ಹಾರಿಸುವುದುಂಟು. ಪೊನ್ನಪ್ಪ ಸರಿಯಿದ್ದ ಕಣ್ಣು ತೆರೆದು ಕಿವಿಗೊಟ್ಟ.

"ಒಂದೇನಾ?"

"ಒಂದೇ."

"ಹಾಗಾದ್ರೆ ಯಾರಿಗೋ ಗಂಡುಮಗು" ಎಂದು ನಕ್ಕ. ಆಮೇಲೆ ದಿನವೂ ಅದೇ ಪ್ರಶ್ನೆ, ಅದೇ ಉತ್ತರ.

ಈದ್ ಹತ್ತಿರವಿದ್ದ ಒಂದು ಸಂಜೆ, ಉಪವಾಸ ಬಿಡುವ ಹೊತ್ತಿಗೆ ಸ್ವಲ್ಪ ಮೊದಲು, ಅವನು ಹೋದ. ಮಲಯಾಳಿ ನರ್ಸು ಹೊದಿಕೆಯನ್ನು ಮುಖದವರೆಗೆ ಎಳೆದು ಅಂಚುಗಳನ್ನು ಸರಿಮಾಡಿದಳು, ಒಂದು ಸುಕ್ಕೂ ಇರಲಿಲ್ಲ. ನಾನು ಕಿಟಕಿಯ ಬಳಿ ನಿಂತಿದ್ದೆ. ಫಿರಂಗಿ ಹಾರಿತು. ನಿಂತೇ ಇದ್ದೆ. ಕೆಳಗೆ ರಸ್ತೆಯಲ್ಲಿ ಕಾರುಗಳಿಲ್ಲ, ಊರಿಗೆ ಊರೇ ಖರ್ಜೂರ ಬಾಯಿಗಿಡುತ್ತಿತ್ತು. ನರ್ಸು ಬಂದು, "ಚೇಟ್ಟಾ, ಇನ್ನು ಹೊರಗೆ ಕೂತ್ಕೊಳ್ಳಿ" ಎಂದು ಹಿಂದಿಯಲ್ಲಿ ಹೇಳುವವರೆಗೂ ನಾನು ಎರಡನೆಯದಕ್ಕೆ ಕಾಯುತ್ತಿದ್ದೆ.

ಮರುದಿನ ಊರಿನಿಂದ ಅವನ ಅಣ್ಣ ಫೋನು ಮಾಡಿದರು. ಸುದ್ದಿ ಮುಟ್ಟಿದ ಕೂಡಲೇ ಅಂಗಳದಲ್ಲಿ ಗುಂಡು ಹಾರಿಸಿದೆವು ಎಂದರು.

"ಎರಡೂ ಹಾರಿತಾ?" ಎಂದು ಕೇಳಿದೆ.

"ಎರಡೂ ಹಾರಿತು. ಯಾಕೆ ಹಾಗೆ ಕೇಳ್ತೀರಿ?"

ಅಲ್ಲಿ ಕೇಳಿಸಿಕೊಂಡವರು ಅತ್ತರು, ಬಂದರು, ಪೆಟ್ಟಿಗೆ ತಲುಪಿದ ಮೇಲೆ ಮಣ್ಣು ಮಾಡಿದರು. ನಾನು ಕೇಳಿದ್ದು ಒಂದೇ. ಬೂ ಹಮದ್ ಆ ವರ್ಷವೂ ಹೋಗಿಬಂದ. ಮಜ್ಲಿಸಿನ ಗೋಡೆಯ ಮೇಲೆ ಕೋಣದ ಕೊಂಬೊಂದು ಏರಿತು. ಯಾವ ತೋಟಾ ಎಂದು ನಾನು ಕೇಳಲಿಲ್ಲ. ವೇಗ, ಭಾರ, ಒದೆತ ಎಂದು ನಾವು ಕಳೆದ ಅಷ್ಟೂ ಶುಕ್ರವಾರಗಳಿಂದ ಯಾರಿಗೂ ಏನೂ ಆಗಲಿಲ್ಲ. ಇದಕ್ಕೆ ಏನಾದರೊಂದು ಅರ್ಥವಿದ್ದೀತು ಎಂದು ಬಹಳ ವರ್ಷ ಹುಡುಕಿದೆ. ಇಲ್ಲ.

ಆದರೂ ಪ್ರತಿ ರಮ್ಜಾನಿನಲ್ಲಿ, ಫಿರಂಗಿ ಹಾರಿದ ಮೇಲೆ, ಒಂದು ಕ್ಷಣ ಕೈಕೆಲಸ ನಿಲ್ಲಿಸಿ ಕಾಯುತ್ತಿದ್ದೆ. ಎರಡನೆಯದು ಕೇಳುವವರೆಗೆ ಸತ್ತ ಲೆಕ್ಕವಲ್ಲ ಎಂದವನು ಅವನೇ ತಾನೇ. ತೋಟಾ ತೇವ ಹಿಡಿದಿದೆ, ಅಷ್ಟೇ, ಎಂದುಕೊಳ್ಳುತ್ತಿದ್ದೆ.

ಮೊನ್ನೆ ಸಾಹೇಬರು ನಗುತ್ತಲೇ ನಾಲ್ಕನೆಯ ಮಹಡಿಯಲ್ಲಿ ಇಳಿದುಹೋದರು. ಮುಲಾಮಿನ ವಾಸನೆ ನನ್ನ ಜೊತೆ ಮೇಲಕ್ಕೆ ಬಂತು. ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದಾಗ ಫಿರಂಗಿ ಹಾರಿತು. ಒಂದು ಚಪ್ಪಲಿ ಕಾಲಲ್ಲೇ ಇತ್ತು, ಹಾಗೆಯೇ ನಿಂತೆ. ಆಗ ಹೊಳೆಯಿತು: ಈ ಸಲದ ರಮ್ಜಾನ್ ಅರ್ಧ ಕಳೆದಿದೆ, ಫಿರಂಗಿ ದಿನವೂ ಹಾರಿದೆ, ನಾನು ಒಂದು ಸಂಜೆಯೂ ಕಾದಿರಲಿಲ್ಲ.

"ಎಂತ ಹಾಗೆ ನಿಂತದ್ದು? ಎಂತ ಕೇಳ್ತಾ ಉಂಟು?" ಎಂದಳು ಹೆಂಡತಿ, ಒಳಗಿನಿಂದ.

"ಎಂತ ಇಲ್ಲ. ಒಂದೇ."

ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಪೊನ್ನಪ್ಪ ಸತ್ತಿದ್ದ.