ಮುಂದು ಯಾವುದೆಂದು ತಿಳಿಯದ ಟ್ರ್ಯಾಕ್ಟರ್

ತುಮಕೂರಿನ ಮರಳೂರಿನಲ್ಲಿ ನಮ್ಮ ಮನೆಯ ಎದುರಿಗೆ ಒಂದು ಖಾಲಿ ಸೈಟಿದೆ. ಅದು ಯಾರದೆಂದು ಯಾರಿಗೂ ಗೊತ್ತಿಲ್ಲ, ಮಳೆ ಬಿದ್ದ ಮೇಲೆ ಹುಲ್ಲಿನದು. ಮೊನ್ನೆ ಒಬ್ಬಾತ ಹೆಗಲಿಗೆ ಮೆಷಿನ್ನು ನೇತುಹಾಕಿಕೊಂಡು ಆ ಹುಲ್ಲು ಕತ್ತರಿಸಲು ಬಂದ. ಹಗ್ಗ ಎಳೆದ, ಮತ್ತೆ ಎಳೆದ, ಮೆಷಿನ್ನು ಕೆಮ್ಮಿ ಸುಮ್ಮನಾಯಿತು. ಅರೆಬರೆ ಉರಿದ ಪೆಟ್ರೋಲಿನ ವಾಸನೆ ಮಾತ್ರ ರಸ್ತೆ ದಾಟಿ, ನಾನು ಸೊಪ್ಪು ಬಿಡಿಸುತ್ತಿದ್ದ ಜಗಲಿಯವರೆಗೂ ಬಂತು. ಆಗ ನಡೆದದ್ದನ್ನು ಹೇಳಿದರೆ ನಗುತ್ತೀರಿ. ಮಂಡಿನೋವಿಗೆ ಎಣ್ಣೆ ಹಚ್ಚಿಸಿಕೊಂಡು ಕೂತಿದ್ದ ನನ್ನ ಬಲಗಾಲು ಒದೆಯಲು ಸಿದ್ಧವಾದಂತೆ ತಾನಾಗಿಯೇ ನೆಲ ಬಿಟ್ಟು ಮೇಲೆದ್ದಿತು.

ಯಾಕೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಸ್ವಲ್ಪ ಹಿಂದಕ್ಕೆ ಬರಬೇಕು. ಗುಬ್ಬಿ ದಾಟಿ ಚೇಳೂರಿನ ನನ್ನ ಗಂಡನ ಮನೆಯವರೆಗೆ.

ನಾನು ಕುಣಿಗಲ್ಲಿನ ಹೆಣ್ಣು. ಅಪ್ಪ ದನದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಸುತ್ತಿನ ಹಳ್ಳಿಗಳಲ್ಲಿ ಯಾವ ಹಸುವಿಗೆ ಹೊಟ್ಟೆ ಉಬ್ಬರಿಸಿದರೂ, ಯಾವ ಎಮ್ಮೆಗೆ ಕರು ಅಡ್ಡ ಬಂದರೂ ಅಪ್ಪನ ಮೋಟಾರ್ ಸೈಕಲ್ ಡುಗುಡುಗು ಎನ್ನುತ್ತಾ ಹೊರಡುತ್ತಿತ್ತು. ಮನುಷ್ಯರಿಗಿಂತ ದನಗಳ ಜೊತೆ ಜಾಸ್ತಿ ಮಾತಾಡಿ ಅಭ್ಯಾಸವಾದವರು, ಹಾಗಾಗಿ ಮೋಟಾರ್ ಸೈಕಲ್ಲನ್ನೂ ಬೆನ್ನು ತಟ್ಟಿಯೇ ನಿಲ್ಲಿಸುತ್ತಿದ್ದರು. ನನ್ನನ್ನು ಅಷ್ಟು ತಟ್ಟಿದ ನೆನಪಿಲ್ಲ. ರಿಟೈರ್ ಆದ ವರ್ಷವೇ ನನ್ನ ಮದುವೆಯಾಯಿತು. ಯಾರೂ ಕೇಳದಿದ್ದರೂ ಆ ಗಾಡಿಯನ್ನು ಅಳಿಯನಿಗೆ ಕೊಟ್ಟುಬಿಟ್ಟರು. ಯಾಕೆ ಕೊಟ್ಟರೋ ಆಗ ನನಗೆ ಅರ್ಥವಾಗಲಿಲ್ಲ.

ಇನ್ನು ಇವರು. ಹೆಸರು ಕೇಳಬೇಡಿ, ಇಷ್ಟು ವರ್ಷ ಹೇಳದ್ದನ್ನು ಈಗ ನಿಮ್ಮ ಮುಂದೆ ಹೇಳಿದರೆ ನಾಲಿಗೆ ತೊದಲುತ್ತದೆ. ಮದುವೆಯಾಗಿ ಎರಡು ಗೌರಿ ಹಬ್ಬ ಕಳೆಯುವುದರೊಳಗೆ ತೆಂಗಿನಕಾಯಿ ತುಂಬಿದ ಗಾಡಿ ಇಳಿಜಾರಿನಲ್ಲಿ ಮಗುಚಿ ಇವರ ಬಲತೊಡೆಯ ಮೂಳೆ ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಮಂಡಿ ಮಡಿಸಲು ಬರಲಿಲ್ಲ. ಮೋಟಾರ್ ಸೈಕಲ್ಲಿಗೆ ಕಿಕ್ ಹೊಡೆಯುವುದು ನಿಂತಿತು, ಎತ್ತಿನ ಹಿಂದೆ ನಡೆಯುವುದು ನಿಂತಿತು. ಎತ್ತುಗಳನ್ನು ಮಾರಿದ ದಿನ ಇವರು ಕೊಟ್ಟಿಗೆಯ ಕಡೆ ಬೆನ್ನು ಹಾಕಿ ಕೂತಿದ್ದರು. ತೋಟವನ್ನು ಫಸಲಿನ ಪಾಲಿನ ಮೇಲೆ ವಾರಕ್ಕೆ ಕೊಡಿ ಎಂದು ಊರವರೆಲ್ಲ ಹೇಳಿದರು. ಉತ್ತ ತೋಟವನ್ನು ಜಗಲಿಯಲ್ಲಿ ಕೂತು ಬೇರೆಯವರ ಕೈಯಲ್ಲಿ ನೋಡುವುದು ಇವರಿಗೆ ಸಾವಿನಂಥ ಮಾತು. ದೊಡ್ಡ ಟ್ರ್ಯಾಕ್ಟರು ತೆಂಗಿನ ಮರಗಳ ನಡುವೆ ತಿರುಗುವುದಿಲ್ಲ, ತಿರುಗಿದರೂ ಬೇರು ಕಿತ್ತು ಬರುತ್ತದೆ.

ಹೀಗಿರುವಾಗ ಒಂದು ಭಾನುವಾರ ರಹಮತ್ ಬಂದರು. ಇವರ ಜೊತೆ ಗುಬ್ಬಿ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಟ್ಟಿಗೇ ಫೇಲಾದವರು, ಆಗ ತುಮಕೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದರು. ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದು ನಿಂತಿದ್ದ ಮೋಟಾರ್ ಸೈಕಲ್ಲನ್ನು ನೋಡಿ ಅವರ ಕಣ್ಣು ಅರಳಿತು.

"ಏನ್ಲಾ, ಇಂಥಾ ಎಂಜಿನ್ ಮನೇಲಿ ಮಡಿಕೊಂಡು ಅಳ್ತಾ ಕೂತಿದೀಯಲ್ಲೋ! ಗುಜರೀಲಿ ಹಳೇ ಕಾರಿಂದು ಹಿಂದಿನ ಆಕ್ಸಲ್ ಐತೆ. ಇದ್ನ ಅದಕ್ಕೆ ಸೇರಿಸಿದ್ರೆ ಪುಟಾಣಿ ಟ್ರ್ಯಾಕ್ಟರ್. ಕೂತ್ಕೊಂಡೇ ಉಳ್ತೀಯ."

ಇವರು ನನ್ನ ಮುಖ ನೋಡಿದರು. ಗಾಡಿ ಅಪ್ಪನದು, ಗಂಡ ನನ್ನವರು. ಬೇಡವೆಂದರೆ ಇವರ ಮುಖ ನೋಡಲಾಗದು, ಹೂಂ ಎಂದರೆ ಅಪ್ಪನ ಮುಖ ನೋಡಲಾಗದು. ನಾನು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ, ಕಾಫಿ ಇಡುತ್ತೇನೆಂದು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ರಹಮತ್ ಸ್ಪ್ಯಾನರ್ ಹಿಡಿದು ಕೂತಾಗಿತ್ತು.

ಗೌರಿ ಹಬ್ಬಕ್ಕೆ ಅಪ್ಪ ಬಾಗಿನ ತರುವ ಹೊತ್ತಿಗೆ ಟ್ರ್ಯಾಕ್ಟರು ಓಡಬೇಕು, ಇದು ನನ್ನ ಲೆಕ್ಕ. ಓಡುವುದನ್ನು ನೋಡಿದರೆ ಅಪ್ಪ ಕ್ಷಮಿಸಿಯಾರು. ಬಿಚ್ಚಿ ಹರಡಿದ ಸಾಮಾನು ನೋಡಿದರೆ ಮಾತ್ರ ಕ್ಷಮಿಸುವುದಿಲ್ಲ. ಅಲ್ಲಿಯವರೆಗೆ ಕುಣಿಗಲ್ಲಿನಿಂದ ಯಾರು ಬಂದರೂ ನಾನು ಕೊಟ್ಟಿಗೆಯ ಬಾಗಿಲು ಎಳೆದುಬಿಡುತ್ತಿದ್ದೆ. ರಹಮತ್ ಪ್ರತಿ ಭಾನುವಾರ ಬಂದು, ಅತ್ತೆ ಮಾಡಿದ ಮುದ್ದೆ ಸಾರು ಉಂಡು, ಇನ್ನೊಂದೇ ವಾರ ಎಂದು ಹೇಳಿ ಹೋಗುತ್ತಿದ್ದರು. ಎಂಜಿನ್ನನ್ನು ಅಡ್ಡಡ್ಡ ಕೂರಿಸಿದರು, ಚೈನು ಹಾಕಿದರು, ಬಿಸಿಯಾಗದಿರಲೆಂದು ಫ್ಯಾನು ಕಟ್ಟಿದರು, ಹಿಂದೆ ಮೂರು ಗುಳದ ಸಣ್ಣ ನೇಗಿಲು ಸಿಕ್ಕಿಸಿದರು. ಪೆಟ್ರೋಲ್ ಟ್ಯಾಂಕಿಗೆ ಕೆಂಪು ಬಣ್ಣ ಬಳಿದರು. ಕಿಕ್ ಹೊಡೆಯುವ ಲಿವರ್ ಮಾತ್ರ ಇದ್ದಂತೆಯೇ ಇತ್ತು. ಇವರ ಕಾಲಿಗೆ ಅದು ಆಗದು, ಅತ್ತೆಗೆ ವಯಸ್ಸಾಗಿದೆ, ಉಳಿದವಳು ನಾನು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಎಂಜಿನ್ ಒದೆಯುವುದನ್ನು ನೋಡಲು ಬೀದಿಯ ಹೆಂಗಸರು ಕೊಡ ಹಿಡಿದುಕೊಂಡೇ ನಿಲ್ಲುತ್ತಿದ್ದರು.

ಪೂಜೆ ನಡೆದದ್ದು ಹಬ್ಬದ ದಿನ ಬೆಳಿಗ್ಗೆಯೇ. ಅದಕ್ಕೆ ಮೊದಲು ಸಿದ್ಧವಾಗಲಿಲ್ಲ. ಅತ್ತೆ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಮುಂದಿನ ಎರಡು ಸಣ್ಣ ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟರು. ಇವರು ಸೀಟಿನ ಮೇಲೆ ಏರಿ ಕೂತರು. ನಾನು ದೇವರನ್ನು ನೆನೆದು ಒದ್ದೆ. ಎಂಜಿನ್ ಶುರುವಾಯಿತು, ಅದೇ ಡುಗುಡುಗು! ಇವರು ಗೇರು ಹಾಕಿ ಕ್ಲಚ್ ಬಿಟ್ಟರು. ಟ್ರ್ಯಾಕ್ಟರು ನಿಂಬೆಹಣ್ಣುಗಳನ್ನು ಅಲ್ಲೇ ಬಿಟ್ಟು ಹಿಂದಕ್ಕೆ ನೆಗೆದು, ಅಂಗಳ ದಾಟಿ, ನೇಗಿಲ ಸಮೇತ ತಿಪ್ಪೆಗೆ ಹೊಕ್ಕಿತು.

"ಗೇರ್ ತಪ್ಪಾಯ್ತು ಕಣ್ಲಾ," ಎಂದರು ರಹಮತ್. ಎಲ್ಲರೂ ಸೇರಿ ಎಳೆದು ತಂದೆವು. ಅತ್ತೆ ನಿಂಬೆಹಣ್ಣುಗಳನ್ನು ಮತ್ತೆ ಸರಿಯಾಗಿಟ್ಟರು. ಎರಡನೇ ಗೇರಿನಲ್ಲಿ ಇನ್ನೂ ಬೇಗ ತಿಪ್ಪೆ ಸೇರಿತು. ಮೋಟಾರ್ ಸೈಕಲ್ಲಿಗೆ ರಿವರ್ಸ್ ಗೇರೇ ಇರುವುದಿಲ್ಲವಲ್ಲ, ಆದರೆ ಇದಕ್ಕೆ ಇದ್ದದ್ದೆಲ್ಲ ರಿವರ್ಸೇ. ರಹಮತ್ ತಲೆ ಕೆರೆದುಕೊಂಡು ಸುತ್ತು ಬಂದು, ಬಗ್ಗಿ ನೋಡಿ, ಕೊನೆಗೆ ನೆಲಕ್ಕೆ ಕೂತರು. ಎಂಜಿನ್ನನ್ನು ಎಡಕ್ಕೆ ಮುಖ ಮಾಡಿ ಕೂರಿಸುವ ಬದಲು ಬಲಕ್ಕೆ ಕೂರಿಸಿಬಿಟ್ಟಿದ್ದರು. ಸರಿ ಮಾಡಬೇಕೆಂದರೆ ಪೂರ್ತಿ ಕತ್ತರಿಸಿ ಮತ್ತೆ ವೆಲ್ಡ್ ಮಾಡಬೇಕು. ಅತ್ತೆ ಮಾತ್ರ ನಿಂಬೆಹಣ್ಣು ಕೈಯಲ್ಲಿ ಹಿಡಿದು, "ಈಗ ಇದ್ನ ಯಾವ ಚಕ್ರಕ್ಕೆ ಇಡ್ಲಪ್ಪಾ? ಮುಂದು ಯಾವುದು ಅಂತ ಒಬ್ರಾದ್ರೂ ಹೇಳಿ," ಎಂದು ಎಲ್ಲರನ್ನೂ ಕೇಳುತ್ತಿದ್ದರು.

ಆಗಲೇ ನಾನು ತಿರುಗಿ ನೋಡಿದ್ದು. ಬಾಗಿನದ ಚೀಲ ಹಿಡಿದು ಅಪ್ಪ ಬೇಲಿಯ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಎಂಜಿನ್ನಿನ ಸದ್ದು ಬಸ್ ಇಳಿದಾಗಲೇ ಅವರಿಗೆ ಕೇಳಿಸಿರಬೇಕು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪ ನಿಧಾನವಾಗಿ ಬಂದು, ಹೊಸ ಕೆಂಪು ಬಣ್ಣದ ಟ್ಯಾಂಕಿನ ಮೇಲೆ ಕೈಯಾಡಿಸಿ, ಒಂದು ತಗ್ಗಿನಲ್ಲಿ ಬೆರಳು ನಿಲ್ಲಿಸಿದರು.

"ಎಮ್ಮೆ ಒದ್ದಿದ್ದು," ಎಂದರು. ಅಷ್ಟೇ.

ಇವರು ಸೀಟಿನಿಂದ ಇಳಿಯಲೂ ಆಗದೆ, ಕೂರಲೂ ಆಗದೆ, "ಮಾವ, ಕೂತ್ಕೊಂಡು ಉಳಾನ ಅಂತ..." ಎಂದು ನಿಲ್ಲಿಸಿದರು. ಅತ್ತೆಗೆ ಈ ಮುಜುಗರವೆಲ್ಲ ತಡೆಯದು. "ಅಯ್ಯೋ ಬುಡ್ರಪ್ಪ! ಅದು ಹೋಗೋ ಕಡೇನೇ ಮುಂದು ಅನ್ಕೊಂಡ್ರಾಯ್ತು. ನೀನು ಆ ಕಡೆ ತಿರಿಕ್ಕೊಂಡು ಕೂತ್ಕೊ," ಎಂದು ನಿಂಬೆಹಣ್ಣುಗಳನ್ನು ದೊಡ್ಡ ಚಕ್ರಗಳ ಕೆಳಗೆ ಇಟ್ಟುಬಿಟ್ಟರು. ರಹಮತ್ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಸೀಟು ಬಿಚ್ಚತೊಡಗಿದರು. ಸೀಟು ತಿರುಗಿತು, ನೇಗಿಲು ಆ ತುದಿಯಿಂದ ಈ ತುದಿಗೆ ಬಂತು. ಮಧ್ಯಾಹ್ನ ಒಬ್ಬಟ್ಟಿನ ಊಟವಾದ ಮೇಲೆ ಇವರು ತೆಂಗಿನ ಮರಗಳ ನಡುವೆ ಎರಡು ಸಾಲು ಉತ್ತರು. ತಿರುಗುವಾಗ ಹಿಂಭಾಗ ಆ ಕಡೆ ಈ ಕಡೆ ಬಾಲ ಬೀಸಿ ಎರಡು ಮರಗಳ ಸಿಪ್ಪೆ ಸುಲಿಯಿತು. ಆದರೂ ಮಣ್ಣು ಮಗುಚಿತು. ಇವರು ಅಳುತ್ತಿದ್ದರೋ ಬೆವರುತ್ತಿದ್ದರೋ ದೂರಕ್ಕೆ ತಿಳಿಯಲಿಲ್ಲ. ನನಗಂತೂ ಕಣ್ಣು ತುಂಬಿತ್ತು.

ಸಂಜೆ ಅಪ್ಪನನ್ನು ಬಸ್ಸಿಗೆ ಕಳಿಸಲು ಹೋದೆ. ಗುಬ್ಬಿ ಬಸ್ ಬರುವುದು ಕಂಡಾಗ ಅಪ್ಪ ನನ್ನ ಕಡೆ ನೋಡದೆ ಹೇಳಿದರು:

"ಗಾಡಿ ಹೋದ್ರೆ ಹೋಗ್ಲಿ ಪುಟ್ಟಿ. ಅಳಿಯಂದ್ರು ಉಳ್ತಾವ್ರಲ್ಲ, ಸಾಕು. ಆದ್ರೆ ನೀವಿಬ್ರೂ ಅದ್ರಲ್ಲಿ ಆಗಾಗ ಬರ್ತೀರಾ ಅಂತ ಕೊಟ್ಟಿದ್ದು. ಇನ್ಮೇಲೆ ನೀನು ಊರಿಗೆ ಬರೋದು ಹೆಂಗೆ?"

ಬಸ್ ಅವರನ್ನು ಹತ್ತಿಸಿಕೊಂಡು ಹೊರಟಿತು. ಚೇಳೂರಿಂದ ಗುಬ್ಬಿ, ಗುಬ್ಬಿಯಿಂದ ತುಮಕೂರು, ತುಮಕೂರಿಂದ ಕುಣಿಗಲ್. ಆ ಕಾಲು ಮಡಿಸದೆ ಇವರು ಬಸ್ಸಿನ ಮೆಟ್ಟಿಲು ಹತ್ತುವುದೆಂದರೆ ದೊಡ್ಡ ಯುದ್ಧ, ಇವರನ್ನು ಬಿಟ್ಟು ನಾನೊಬ್ಬಳೇ ಹೋಗುವಂತಿರಲಿಲ್ಲ. ರಾತ್ರಿ ಇವರು, "ಏನಂದ್ರು ನಿಮ್ಮಪ್ಪ?" ಎಂದು ಕೇಳಿದಾಗ ಆ ಮಾತನ್ನು ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಇವರು ಗೋಡೆಯ ಕಡೆ ತಿರುಗಿ ಮಲಗಿದರು.

ದೀಪಾವಳಿಗೆ ಅಪ್ಪ ಬರಲಿಲ್ಲ. ಸಂಕ್ರಾಂತಿಗೂ ಬರಲಿಲ್ಲ. ಮಗಳ ಮನೆಗೆ ಕಾರಣವಿಲ್ಲದೆ ಹೋಗಬಾರದು ಎನ್ನುವ ಜಾತಿಯ ಮನುಷ್ಯ. ಆಮೇಲೆ ಒಂದು ದಿನ ನಾನು ಎಷ್ಟು ಒದ್ದರೂ ಎಂಜಿನ್ ಶುರುವಾಗಲಿಲ್ಲ. "ರಹಮತ್‌ಗೆ ಈ ಎಂಜಿನ್ ಅರ್ಥ ಆಗಲ್ಲ, ಮಾವನೇ ಬರ್ಬೇಕು," ಎಂದು ಇವರು ಕುಣಿಗಲ್ಲಿಗೆ ಹೇಳಿ ಕಳಿಸಿದರು. ಮಾರನೆಯ ದಿನವೇ ಅಪ್ಪ ಸ್ಪ್ಯಾನರುಗಳ ಗಂಟು ಹಿಡಿದು ಬಂದರು. ಕಾರ್ಬೋರೇಟರ್ ಬಿಚ್ಚಿ, ಊದಿ, ಒರೆಸಿ, ಮತ್ತೆ ಹಾಕಿ, "ಹೂಂ, ಈಗ ಒದಿ ಪುಟ್ಟಿ," ಎಂದರು. ಒಂದೇ ಒದೆತಕ್ಕೆ ಶುರು!

ಅಲ್ಲಿಂದ ಅದೇ ರೂಢಿಯಾಯಿತು. ಒಂದು ತಿಂಗಳೋ ಒಂದೂವರೆ ತಿಂಗಳೋ ಕಳೆದರೆ ಆ ಹಾಳು ಎಂಜಿನ್ ಮುಷ್ಕರ ಹೂಡುತ್ತಿತ್ತು. ನಾನು ಒದ್ದು ಒದ್ದು, ಬೈದು ಬೈದು ಸುಸ್ತಾಗುತ್ತಿದ್ದೆ. ಎಲ್ಲ ತಪ್ಪನ್ನೂ ರಹಮತ್ ತಲೆಗೆ ಕಟ್ಟುತ್ತಿದ್ದೆ, ಅವರೂ ಪಾಪ ಇರಬಹುದೆಂದು ಒಪ್ಪಿಕೊಳ್ಳುತ್ತಿದ್ದರು. ಅಪ್ಪ ಬಂದು ರಿಪೇರಿ ಮಾಡಿ, ಅಂಗಳದಲ್ಲಿ ಕೂತು ಊರ ಸುದ್ದಿಯೆಲ್ಲ ಹೇಳಿ, ನಾನು ಬಡಿಸಿದ್ದನ್ನು ಉಂಡು, ಹೋಗುವಾಗ ಟ್ಯಾಂಕು ತಟ್ಟಿ ಹೋಗುತ್ತಿದ್ದರು. ಅವರು ಬರುವುದು ಎಂಜಿನ್ನಿಗೋ ನನಗೋ ಎಂಬ ಗೊಂದಲ ನನ್ನನ್ನು ಎಂದೂ ಬಿಡಲಿಲ್ಲ. ಒಮ್ಮೊಮ್ಮೆ ಎಂಜಿನ್ನಿನ ಮೇಲೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ವಿಚಿತ್ರವೆಂದರೆ, ಅಪ್ಪ ತೀರಿಕೊಂಡ ಮೇಲೆ ಅದು ಒಂದು ದಿನವೂ ಕೈಕೊಡಲಿಲ್ಲ. ತೋಟ ಮೈದುನನ ಮಗನ ಕೈ ಸೇರಿ, ನಾವು ಮರಳೂರಿಗೆ ಬಂದು, ಟ್ರ್ಯಾಕ್ಟರು ಗುಜರಿಗೆ ಹೋಗುವವರೆಗೂ ಒಂದೇ ಒದೆತಕ್ಕೆ ಶುರುವಾಗುತ್ತಿತ್ತು. ಯಂತ್ರಕ್ಕೂ ದುಃಖವಾಗಿ ಬುದ್ಧಿ ಬಂದಿರಬೇಕೆಂದು ನಾನು ಅಕ್ಕಪಕ್ಕದವರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದೆ.

ಮೊನ್ನೆಯೂ ಅದರ ಮಾತೇ ಬಂತು. ಎದುರಿನ ಸೈಟಿನಲ್ಲಿ ಆತ ಇನ್ನೂ ಹಗ್ಗ ಎಳೆಯುತ್ತಿದ್ದ. "ನಮ್ಮ ಎಂಜಿನ್ ಥರಾನೇ, ದರಿದ್ರದ್ದು," ಎಂದೆ. ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಇವರು ಪೇಪರು ಕೆಳಗಿಟ್ಟರು.

"ನಮ್ಮದು ಯಾವತ್ತೂ ಕೆಟ್ಟಿರಲಿಲ್ಲ ಕಣೇ. ಕಾರ್ಬೋರೇಟರ್‌ಗೆ ನಾನೇ ಚಿಟಿಕೆ ಮಣ್ಣು ಹಾಕ್ತಿದ್ದೆ."

ಸೊಪ್ಪು ನನ್ನ ಕೈಯಲ್ಲೇ ಉಳಿಯಿತು. ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯದೆ, ಬಾಯಿಗೆ ಬಂದದ್ದನ್ನು ಕೇಳಿದೆ. "ಮತ್ತೆ ನಾನು ಅಷ್ಟೊಂದು ಒದ್ದಿದ್ದು?"

"ಅದು ಸುಮ್ನೆ. ನೀನು ಒದೀದೇ ಇದ್ರೆ ಕೆಟ್ಟೈತೆ ಅಂತ ಯಾರು ನಂಬ್ತಾರೆ?"

"ಅಪ್ಪಂಗೆ ಗೊತ್ತಾಗ್ಲಿಲ್ವಾ?"

ಇವರು ಎದುರಿನ ಸೈಟಿನ ಕಡೆ ತಿರುಗಿದರು. "ಎರಡ್ನೇ ಸಲಾನೇ ಗೊತ್ತಾಯ್ತು. ನೀನು ಒಳಗಡೆ ಕಾಫಿ ಮಾಡ್ತಿದ್ದೆ. ಮೆಲ್ಲಗೆ ಹೇಳಿದ್ರು, 'ಅಳಿಯಂದ್ರೇ, ಮಣ್ಣು ಹಾಕ್ಬೇಡಿ, ಎಂಜಿನ್ ಹಾಳಾಗ್ತದೆ. ಪ್ಲಗ್ ವೈರ್ ಕಿತ್ತಿಟ್ರೆ ಸಾಕು, ನಾನು ಬರ್ತೀನಿ,' ಅಂತ."